ಆಂಜಿಯೋದಲ್ಲಿ 40% ಬ್ಲಾಕ್, ಸ್ಟೆಂಟ್ ಬೇಡ ಅಂದಿದ್ದಾರೆ. ಮನೆಯವರು ಒಪ್ತಿಲ್ಲ

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯವನು, ವಯಸ್ಸು 44. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತಿತ್ತು. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡೋ ಪರೀಕ್ಷೆ) ಪಾಸಿಟಿವ್ ಬಂತು, ಹೋದ ವಾರ ಮಣಿಕಟ್ಟಿನಿಂದ ಆಂಜಿಯೋ ಮಾಡಿದರು. ಎಲ್‌ಎಡಿ ಅನ್ನೋ ನಾಳದಲ್ಲಿ 40% ಬ್ಲಾಕ್, ಉಳಿದ ಎರಡರಲ್ಲಿ ಸಣ್ಣಪುಟ್ಟದು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 148, ಬಿಪಿ 146/92, ಶುಗರ್ ಬಾರ್ಡರ್. ಸಿಗರೇಟ್ ಇತ್ತು, ಈಗ ಬಿಟ್ಟಿದ್ದೇನೆ. ಅಪ್ಪನಿಗೆ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು.

ಡಾಕ್ಟರು ಸ್ಟೆಂಟ್ ಬೇಡ, ಮಾತ್ರೆ ತಗೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಕೊಲೆಸ್ಟರಾಲ್ ಇಳಿಸೋ ಸ್ಟಾಟಿನ್ ಮಾತ್ರೆ ರೋಸುವಾಸ್ಟಾಟಿನ್ 20, ಬಿಪಿ ಮಾತ್ರೆ, ಒಂದು ಆಸ್ಪಿರಿನ್. ಮನೆಯಲ್ಲಿ ಯಾರಿಗೂ ಸಮಾಧಾನ ಇಲ್ಲ. ಹೆಂಡತಿ ಬೆಂಗಳೂರಿಗೆ ಹೋಗಿ ಸ್ಟೆಂಟ್ ಹಾಕಿಸಿಕೊಂಡೇ ಬರೋಣ ಅಂತಾಳೆ. ಭಾವ ವಾಟ್ಸಾಪ್‌ನಲ್ಲಿ ಬಂದ ನಿಂಬೆ, ಶುಂಠಿ, ಬೆಳ್ಳುಳ್ಳಿ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಹಾಕೋ ಕಷಾಯ ಕಳಿಸಿ, ಇದರಲ್ಲೇ ಕರಗುತ್ತೆ, ಆಂಜಿಯೋನೇ ಬೇಕಿರಲಿಲ್ಲ ಅಂತಾನೆ. ನನಗೆ ಅರ್ಥ ಆಗದೇ ಇರೋದು ಬೇರೆ. ಹೋದ ವರ್ಷ ಆಫೀಸಿನ ಚೆಕಪ್‌ನಲ್ಲಿ ಇಸಿಜಿ ಪೂರ್ತಿ ನಾರ್ಮಲ್ ಇತ್ತು. ಒಂದೇ ವರ್ಷದಲ್ಲಿ 40% ಆಯಿತಾ?

ಹಾಸನ_ಕಾಫಿ:
ಅಣ್ಣ, ಧೈರ್ಯವಾಗಿರಿ. 2025ರ ಜೂನ್-ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿದ್ದಾಗ ನಮ್ಮೂರಲ್ಲಿ ಎದೆ ನೋಯದೇ ಇದ್ದವರೇ ಇರಲಿಲ್ಲ. ಅರ್ಧ ಜನ ಮೈಸೂರು ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಆಮೇಲೆ ಸರ್ಕಾರದ ತಜ್ಞರ ಸಮಿತಿ ಅಸಹಜ ಏರಿಕೆ ಏನೂ ಇಲ್ಲ ಅಂತ ವರದಿ ಕೊಟ್ಟಿತು, ಅದನ್ನು ಯಾವ ಚಾನೆಲ್ಲೂ ಅಷ್ಟು ಜೋರಾಗಿ ಹೇಳಲಿಲ್ಲ. ನಿಮ್ಮದು ಕನಿಷ್ಠ ಗೊತ್ತಾಗಿದೆ. ಗೊತ್ತಾಗದೇ ಓಡಾಡುತ್ತಿರೋರ ಗತಿ ಯೋಚನೆ ಮಾಡಿ.

ಸ್ಲೈಡ್_ಮೇಷ್ಟ್ರು:
ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಪಾಠ ಹೇಳಿ ನಿವೃತ್ತನಾದವನು ನಾನು. ರೋಗಿ ನೋಡುವ ಡಾಕ್ಟರಲ್ಲ, ಆದ್ದರಿಂದ ಔಷಧಿ ವಿಷಯದಲ್ಲಿ ನಿಮ್ಮ ಕಾರ್ಡಿಯಾಲಜಿಸ್ಟ್ ಹೇಳಿದ್ದೇ ಅಂತಿಮ. ಆದರೆ "ಒಂದೇ ವರ್ಷದಲ್ಲಿ ಆಯಿತಾ" ಅನ್ನೋದಕ್ಕೆ ಉತ್ತರ ಕೊಡಬಲ್ಲೆ. ಇಲ್ಲ. ನಿಮಗೆ ಹದಿನೆಂಟು ಇಪ್ಪತ್ತು ವರ್ಷ ಆಗಿದ್ದಾಗಲೇ ಶುರುವಾಗಿದೆ ಅದು.

ಸುಮ್ನೆ ಹೇಳುತ್ತಿಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ತೆಗೆದು ನೋಡಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು 22. ಗಟ್ಟಿಮುಟ್ಟಾದ ಹುಡುಗರು, ದಿನವಿಡೀ ಮೂಟೆ ಹೊತ್ತು ನಡೆಯುವವರು. ಅವರಲ್ಲಿ 77% ಮಂದಿಯ ಹೃದಯದ ನಾಳಗಳಲ್ಲಿ ಬರಿಗಣ್ಣಿಗೇ ಕಾಣುವಷ್ಟು ರೋಗದ ಗುರುತು ಇತ್ತು. ಡಾಕ್ಟರುಗಳಿಗೇ ಗಾಬರಿಯಾಗಿತ್ತು ಆಗ.

ಇದು ಹೇಗೆ ನಡೆಯುತ್ತೆ ಅಂದರೆ, ಎಲ್ಲರ ತಲೆಯಲ್ಲೂ ಇರೋ ಚಿತ್ರ ನಲ್ಲಿ ಪೈಪಿನದು. ಒಳಗೆ ಜಿಡ್ಡು ಅಂಟಿ ಅಂಟಿ ತೂತು ಸಣ್ಣದಾಗುತ್ತೆ ಅನ್ನೋದು. ಅದನ್ನು ಮರೆತುಬಿಡಿ. ಕೊಬ್ಬು ಸೇರೋದು ನಾಳದ ತೂತಿನಲ್ಲಿ ಅಲ್ಲ, ಗೋಡೆಯ ಒಳಗೆ. ರಕ್ತಕ್ಕೆ ತಾಗಿಕೊಂಡು ಒಂದೇ ಒಂದು ಪದರ ಜೀವಕೋಶಗಳ ಒಳಪೊರೆ ಇರುತ್ತೆ. ಎಲ್‌ಡಿಎಲ್ ಕಣಗಳು ಎಷ್ಟು ಸಣ್ಣವು ಅಂದರೆ ಆ ಪೊರೆ ದಾಟಿ ಒಳಗೆ ಹೋಗುತ್ತವೆ. ಹೋಗಿದ್ದರಲ್ಲಿ ಕೆಲವು ಅಲ್ಲೇ ಸಿಕ್ಕಿಹಾಕಿಕೊಂಡು ಕೆಡುತ್ತವೆ. ಅದನ್ನು ಗುಡಿಸಿ ಹಾಕೋಕೆ ಬಿಳಿ ರಕ್ತಕಣಗಳು ಬಂದು ನುಂಗುತ್ತವೆ, ಹೊಟ್ಟೆ ಬಿರಿಯುವಷ್ಟು ನುಂಗಿ ಅಲ್ಲೇ ಉಳಿಯುತ್ತವೆ. ಸ್ಲೈಡ್ ಮಾಡುವಾಗ ಹಾಕೋ ರಾಸಾಯನಿಕಕ್ಕೆ ಕೊಬ್ಬು ಕರಗಿ ಹೋಗುತ್ತಲ್ಲ, ಆಗ ಮೈಕ್ರೋಸ್ಕೋಪಿನಲ್ಲಿ ಆ ಕೋಶಗಳು ಬರೀ ನೊರೆಗುಳ್ಳೆ ತುಂಬಿದಂತೆ ಕಾಣುತ್ತವೆ. ಅವು ಸತ್ತು ಒಡೆದಾಗ ಒಳಗಿನ ಕೊಬ್ಬೆಲ್ಲ ಒಂದು ಕಡೆ ಸೇರಿ ಗಂಜಿಯಂಥ ಮುದ್ದೆ ಆಗುತ್ತೆ. ಕೊಲೆಸ್ಟರಾಲ್ ಹರಳುಗಳಿದ್ದ ಜಾಗ ಸೂಜಿಯಾಕಾರದ ಬಿಳಿ ಸೀಳುಗಳಾಗಿ ಉಳಿಯುತ್ತೆ. ದೇಹ ಅದರ ಮೇಲೆ ನಾರಿನ ಮುಚ್ಚಳ ಹೊದಿಸುತ್ತೆ. ವರ್ಷಗಳು ಕಳೆದ ಹಾಗೆ ಸುಣ್ಣ ಕೂರುತ್ತೆ. ವಯಸ್ಸಾದವರ ನಾಳ ಕತ್ತರಿಸುವಾಗ ಕತ್ತರಿ ಕೆಳಗೆ ಮೊಟ್ಟೆ ಚಿಪ್ಪು ಮುರಿದ ಸದ್ದು ಬರುತ್ತಿತ್ತು, ಹೊಸ ವಿದ್ಯಾರ್ಥಿಗಳು ಬೆಚ್ಚಿ ನನ್ನ ಮುಖ ನೋಡುತ್ತಿದ್ದರು. ಕೆಲವೊಮ್ಮೆ ಕತ್ತರಿಸೋಕೇ ಆಗದೆ ಆಮ್ಲದಲ್ಲಿ ನೆನೆಸಿ ಸುಣ್ಣ ಬಿಡಿಸಿಕೊಳ್ಳಬೇಕಿತ್ತು.

ಇದಿಷ್ಟೂ ನಡೆಯೋದಕ್ಕೆ ಮೂವತ್ತು ನಲವತ್ತು ವರ್ಷ ಹಿಡಿಯುತ್ತೆ. ನೋವಿಲ್ಲ, ಸುಸ್ತಿಲ್ಲ, ಇಸಿಜಿಯಲ್ಲಿ ಏನೂ ಇಲ್ಲ. ಇಸಿಜಿ ಹೇಳೋದು ಆ ಹೊತ್ತಿಗೆ ಹೃದಯದ ವಿದ್ಯುತ್ ಹೇಗಿದೆ ಅಂತ. ನಾಳದ ಗೋಡೆ ಅದಕ್ಕೆ ಕಾಣೋದೇ ಇಲ್ಲ.

ಹೊಳೆದಂಡೆ:
ಮೇಷ್ಟ್ರೇ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಹಾಗಾದರೆ 40% ಅನ್ನೋದು ಜಾಸ್ತಿನಾ ಕಮ್ಮಿನಾ? ಬಿಟ್ಟರೆ 50, 60 ಆಗಿ ಒಂದು ದಿನ 100 ಆಗಿ ಅಟ್ಯಾಕ್ ಆಗುತ್ತೆ ಅನ್ನೋದೇ ಹೆಂಡತಿಯ ಲೆಕ್ಕ.

ನೈಟ್‌ಶಿಫ್ಟ್_ಸಿಸ್ಟರ್:
ಮಂಗಳೂರಿನಲ್ಲಿ ಕ್ಯಾಥ್‌ಲ್ಯಾಬ್ (ಆಂಜಿಯೋ, ಸ್ಟೆಂಟ್ ಮಾಡೋ ಕೋಣೆ) ನರ್ಸ್ ನಾನು. ನಿಮ್ಮ ಮನೆಯವರ ಲೆಕ್ಕ ತುಂಬಾ ಜನ ಹಾಕೋ ಲೆಕ್ಕ, ಆದರೆ ಅಟ್ಯಾಕ್ ಸಾಮಾನ್ಯವಾಗಿ ಹಾಗೆ ಆಗೋದಿಲ್ಲ.

ಆಂಜಿಯೋದಲ್ಲಿ ನಾವು ಡೈ ಬಿಟ್ಟಾಗ ಪರದೆ ಮೇಲೆ ಕಪ್ಪು ಗೆರೆಗಳು ಕವಲು ಕವಲಾಗಿ ಮೂಡುತ್ತವೆ, ಎರಡು ಮೂರು ಬಡಿತದಲ್ಲಿ ತೊಳೆದು ಹೋಗುತ್ತವೆ. ಆ ಗೆರೆ ಎಲ್ಲಿ ಸಣ್ಣ ಆಗುತ್ತೋ ಅದಕ್ಕೆ ಪರ್ಸೆಂಟ್ ಹಾಕ್ತಾರೆ. ಬಹಳ ಸಲ ಕಣ್ಣಳತೆಯೇ. ಒಂದೇ ಸಿಡಿ ನೋಡಿ ಒಬ್ಬರು 50 ಅಂದರೆ ಇನ್ನೊಬ್ಬರು 60 ಅನ್ನಬಹುದು. ಮತ್ತೆ ನಮಗೆ ಕಾಣೋದು ಡೈ ಹರಿಯೋ ದಾರಿ ಮಾತ್ರ. ಮೇಷ್ಟ್ರು ಹೇಳಿದ ಗೋಡೆ ಕಾಣಲ್ಲ. ನಡುವಿನ ಬ್ಲಾಕ್ ಇದ್ದು ಅನುಮಾನ ಬಂದರೆ ಎಫ್‌ಎಫ್‌ಆರ್ ಅಂತ ಒತ್ತಡದ ತಂತಿ ಹಾಕಿ ಅಳೆಯುತ್ತಾರೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಆ ಬ್ಲಾಕ್ ರಕ್ತಕ್ಕೆ ಅಡ್ಡ ಬರ್ತಿದೆ ಅಂತ ಅರ್ಥ.

ಅಟ್ಯಾಕ್ ಆಗಿ ಬಂದವರ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ತೆಗೆದ ಮೇಲೆ ನೋಡಿದರೆ ಹಿಂದೆ ಇದ್ದ ಬ್ಲಾಕ್ ದೊಡ್ಡದೇನೂ ಆಗಿರದ ಕೇಸ್‌ಗಳು ಎಷ್ಟೋ. ಹಿಂದಿನ ವಾರದವರೆಗೂ ಬ್ಯಾಡ್ಮಿಂಟನ್ ಆಡಿದ್ದೆ ಸಿಸ್ಟರ್ ಅಂತಾರೆ.

ಸ್ಲೈಡ್_ಮೇಷ್ಟ್ರು:
ಸಿಸ್ಟರ್ ಹೇಳಿದ್ದು ಸರಿ. ಷಿಕಾಗೋದ ಸೀಮೋರ್ ಗ್ಲ್ಯಾಗೊವ್ 1987ರಲ್ಲಿ 136 ಹೃದಯಗಳ ಮುಖ್ಯ ನಾಳ ಅಳೆದು ತೋರಿಸಿದ್ದು ಇದನ್ನೇ. ಗೋಡೆಯಲ್ಲಿ ಕೊಬ್ಬು ಬೆಳೆದಾಗ ನಾಳ ಮೊದಲು ಹೊರಗಡೆಗೆ ಉಬ್ಬುತ್ತೆ, ಒಳದಾರಿ ಹಾಗೇ ಇರುತ್ತೆ. ಕೊಬ್ಬು ನಾಳದ ಸುಮಾರು 40% ಜಾಗ ಆಕ್ರಮಿಸುವ ತನಕ ದಾರಿ ಕಿರಿದಾಗೋದೇ ಇಲ್ಲ. ಅಂದರೆ ಆಂಜಿಯೋದಲ್ಲಿ "ನಾರ್ಮಲ್" ಅಂತ ಬಂದ ಜಾಗದಲ್ಲೂ ರೋಗ ಇರಬಹುದು.

ಅಪಾಯ ತರೋದು ಮುಚ್ಚಳ. ಒಳಗಿನ ಉರಿಯೂತಕ್ಕೆ ನಾರಿನ ಮುಚ್ಚಳ ತೆಳುವಾಗುತ್ತಾ ಬರುತ್ತೆ. 65 ಮೈಕ್ರಾನ್‌ಗಿಂತ ತೆಳುವಾದರೆ, ಅಂದರೆ ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗ, ಅದು ಒಡೆಯೋ ಸಾಧ್ಯತೆ ಜಾಸ್ತಿ. ಒಡೆದರೆ ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತೆ, ರಕ್ತಕ್ಕೆ ಅದು ಗಾಯ ಅನ್ನಿಸಿ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತೆ. ನಾಳ ಪೂರ್ತಿ ಮುಚ್ಚಿದರೆ ಅದೇ ಅಟ್ಯಾಕ್. ಇನ್ನೊಂದು ಕಡೆ, ನಿಧಾನವಾಗಿ ವರ್ಷಾನುಗಟ್ಟಲೆ 90% ಆದ ಬ್ಲಾಕ್ ಸುತ್ತ ದೇಹವೇ ಸಣ್ಣ ಸಣ್ಣ ಅಡ್ಡದಾರಿ ಮಾಡಿಕೊಂಡಿರುತ್ತೆ. ನಡೆದರೆ ಎದೆ ನೋವು, ನಿಂತರೆ ಹೋಗುತ್ತೆ, ಹೀಗೇ ಎಷ್ಟೋ ವರ್ಷ ಬದುಕಿದವರಿದ್ದಾರೆ. ಹಾಗಂತ 90% ಇದ್ದವರು ಸುಮ್ಮನೆ ಕೂರಿ ಅಂತಲ್ಲ. ದೊಡ್ಡ ಬ್ಲಾಕ್ ಇರುವವರಿಗೆ ಒಟ್ಟು ರೋಗವೂ ಜಾಸ್ತಿ ಇರುತ್ತೆ. ಪರ್ಸೆಂಟ್ ಒಂದನ್ನೇ ಹಿಡಿದುಕೊಂಡು ಜಗಳ ಆಡಬೇಡಿ ಅಂತ.

ಗಂಟೆಪಟ್ಟಿ_ಹುಡುಗ:
ಗುರು ನಮ್ಮ ಅಪ್ಪನಿಗೆ ಇಂಥದ್ದೇ ಆಯಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ, ಹೆಸರು ಬೇಡ. ಆಂಜಿಯೋ ಟೇಬಲ್ ಮೇಲೆ ಮಲಗಿಸಿಕೊಂಡೇ ನನ್ನನ್ನು ಕರೆದು "60% ಇದೆ, ಈಗಲೇ ಸ್ಟೆಂಟ್ ಹಾಕದಿದ್ದರೆ ಟೈಮ್ ಬಾಂಬ್" ಅಂದರು. ಹತ್ತು ನಿಮಿಷ ಟೈಮ್ ಕೊಟ್ಟರು ಯೋಚನೆ ಮಾಡೋಕೆ. ಸಹಿ ಹಾಕಿದೆ. ಅಪ್ಪನಿಗೆ ಆಗ ಎದೆನೋವೇ ಇರಲಿಲ್ಲ, ಹರ್ನಿಯಾ ಆಪರೇಷನ್‌ಗೆ ಮುಂಚೆ ಚೆಕಪ್ ಅಂತ ಹೋಗಿದ್ದು! ಅವತ್ತಿಂದ ಸ್ಟೆಂಟ್ ಇದೆ ಅಂತ ಧೈರ್ಯ ಬಂದು ಬೀಡಿ ಮತ್ತೆ ಶುರು ಮಾಡಿದ್ದಾರೆ, ಮಾತ್ರೆ ವಾರಕ್ಕೆ ಮೂರು ದಿನ. ಹೇಳಿದರೆ ಕೇಳಲ್ಲ.

ನೈಟ್‌ಶಿಫ್ಟ್_ಸಿಸ್ಟರ್:
@ಗಂಟೆಪಟ್ಟಿ ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದ ಮಾತ್ರೆ ಬಿಟ್ಟರೆ ಸ್ಟೆಂಟೇ ಬ್ಲಾಕ್ ಆಗಬಹುದು, ವಾರಕ್ಕೆ ಮೂರು ದಿನ ಅಂದರೆ ಖಂಡಿತ ಅಪಾಯ. ಇವತ್ತೇ ಅಪ್ಪನ ಡಾಕ್ಟರ ಹತ್ತಿರ ಮಾತಾಡಿಸಿ. ಸ್ಟೆಂಟ್ ಇರೋದು ಸಾಮಾನ್ಯವಾಗಿ ಎರಡು ಮೂರು ಸೆಂಟಿಮೀಟರ್ ಜಾಗದಲ್ಲಿ. ರೋಗ ಇರೋದು ಉದ್ದಕ್ಕೂ.

ಬೇ_ಏರಿಯಾ_ಕನ್ನಡಿಗ:
ಸ್ಟೆಂಟ್ ಬಗ್ಗೆ ದೊಡ್ಡ ಟ್ರಯಲ್‌ಗಳೇ ಆಗಿವೆ. 2007ರ ಕರೇಜ್‌ನಲ್ಲಿ 2,287 ಜನ, ಆಮೇಲೆ 2020ರಲ್ಲಿ ಪ್ರಕಟವಾದ ಇಸ್ಕೀಮಿಯಾದಲ್ಲಿ 5,179 ಜನ. ಎರಡರಲ್ಲೂ ಸ್ಥಿರವಾಗಿರೋ ರೋಗಿಗಳು, ಅಂದರೆ ಅಟ್ಯಾಕ್ ನಡೀತಾ ಇರೋರಲ್ಲ. ಅಂಥವರಿಗೆ ಒಳ್ಳೆ ಔಷಧಿ ಜೊತೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವಾಗಲಿ ಅಟ್ಯಾಕ್ ಆಗಲಿ ಕಡಿಮೆ ಆಗಲಿಲ್ಲ. ಎದೆನೋವು ಕಡಿಮೆ ಆಯಿತು, ಅದೂ ಒಂದು ಲಾಭವೇ. ಅಟ್ಯಾಕ್ ಆಗ್ತಾ ಇರುವಾಗ ಸ್ಟೆಂಟ್ ಜೀವ ಉಳಿಸುತ್ತೆ, ಅದರಲ್ಲಿ ಎರಡು ಮಾತಿಲ್ಲ. ಈ ಎರಡನ್ನೂ ಜನ ಬೆರೆಸಿಬಿಡ್ತಾರೆ. ಇಸ್ಕೀಮಿಯಾಕ್ಕೆ ತಗೊಂಡಿದ್ದೇ ರೋಗ ಸಾಕಷ್ಟು ಮುಂದುವರಿದವರನ್ನ, ಹೊಳೆದಂಡೆ ಅವರದು 40%, ಡಾಕ್ಟರು ಬೇಡ ಅಂದದ್ದು ಸರಿಯಾಗೇ ಇದೆ. ಒಳ್ಳೆ ಡಾಕ್ಟರು ಸಿಕ್ಕಿದ್ದಾರೆ ಅಂದ್ಕೊಳಿ.

ಗಟ್ಟಿ_ಮೈಕಟ್ಟು:
ಎಲ್ಲ ಸರಿ, ಆದರೆ ಕೊಲೆಸ್ಟರಾಲ್ ಅನ್ನೋದೇ ಔಷಧಿ ಕಂಪನಿಗಳ ನಾಟಕ. ಮೆದುಳಿಗೆ ಕೊಲೆಸ್ಟರಾಲ್ ಬೇಕು, ಹಾರ್ಮೋನ್‌ಗೆ ಬೇಕು. ನಮ್ಮ ತಾತ ಬೆಣ್ಣೆ ತುಪ್ಪ ತಿಂದು 90 ಬದುಕಿದರು. ಅಪ್ಪು ಸಾರ್ ಅಷ್ಟು ಫಿಟ್ ಇದ್ದು ಏನಾಯಿತು? ಸ್ಟಾಟಿನ್ ತಿಂದರೆ ಮಾಂಸಖಂಡ ಕರಗುತ್ತೆ, ಗೂಗಲ್ ಮಾಡಿ ನೋಡಿ.

ಸ್ಲೈಡ್_ಮೇಷ್ಟ್ರು:
ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ 46 ವಯಸ್ಸು. ಇಡೀ ರಾಜ್ಯ ಅತ್ತಿತು, ನಾನೂ. ಆದರೆ ಅವರ ನಾಳದ ಒಳಗೆ ಏನಿತ್ತು ಅಂತ ನಾವಿಲ್ಲಿ ಕೂತು ಹೇಳೋದು ಸರಿಯಲ್ಲ. ಬಿಡೋಣ ಅದನ್ನು.

ಕೊಲೆಸ್ಟರಾಲ್ ಬೇಕು ಅನ್ನೋದು ನಿಜ. ದೇಹ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತೆ. ರಕ್ತದಲ್ಲಿ ಜಾಸ್ತಿ ಓಡಾಡೋದು ಬೇಕಿಲ್ಲ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂದದ್ದು ಎಲ್‌ಡಿಎಲ್ ಅನ್ನು ರಕ್ತದಿಂದ ಹಿಡಿದು ತೆಗೆಯುವ ರಿಸೆಪ್ಟರ್ ಕಂಡುಹಿಡಿದಿದ್ದಕ್ಕೆ. ತಂದೆ ತಾಯಿ ಇಬ್ಬರಿಂದಲೂ ಆ ರಿಸೆಪ್ಟರಿನ ಜೀನ್ ಕೆಟ್ಟು ಬಂದ ಮಕ್ಕಳಿಗೆ ಸಿಗರೇಟಿಲ್ಲ, ಬಿಪಿಯಿಲ್ಲ, ಶುಗರಿಲ್ಲ, ಇಪ್ಪತ್ತು ತುಂಬುವುದರೊಳಗೇ ಹಾರ್ಟ್ ಅಟ್ಯಾಕ್. ಇದಕ್ಕೆ ತಿರುಗುಮುರುಗಾದ್ದೂ ಇದೆ. 2006ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಪಿಸಿಎಸ್‌ಕೆ9 ಅನ್ನೋ ಜೀನ್ ಕೆಲಸ ಮಾಡದೇ ಇರುವವರನ್ನು ನೋಡಿದರು. ಹುಟ್ಟಿನಿಂದ ಎಲ್‌ಡಿಎಲ್ 28% ಕಡಿಮೆ, ಹೃದಯದ ನಾಳದ ಕಾಯಿಲೆ 88% ಕಡಿಮೆ. ಜೀನ್‌ಗೆ ಯಾವ ಕಂಪನಿ ದುಡ್ಡು ಕೊಟ್ಟಿರುತ್ತೆ? ಆ 28ಕ್ಕೆ 88 ಬಂದದ್ದು ಯಾಕೆ ಅಂದರೆ ಹುಟ್ಟಿದ ದಿನದಿಂದ ಕಡಿಮೆ ಇತ್ತು. ಎಷ್ಟು ಜಾಸ್ತಿ ಅನ್ನೋದರ ಜೊತೆ ಎಷ್ಟು ವರ್ಷ ಅನ್ನೋದೂ ಸೇರಿಸಿ ಲೆಕ್ಕ ಹಾಕಬೇಕು.

ನಿಮ್ಮ ತಾತ 90 ಬದುಕಿದ್ದು ಸಂತೋಷ. ಅವರ ಜೊತೆಯವರಲ್ಲಿ 50ಕ್ಕೇ ಹೋದವರ ಹೆಸರು ಯಾರಿಗೂ ನೆನಪಿರಲ್ಲ ಅಷ್ಟೇ.

ಮಾತ್ರೆ_ಅಂಗಡಿ:
ಹುಬ್ಬಳ್ಳ್ಯಾಗ ಮೆಡಿಕಲ್ ಶಾಪ್ ನಂದು. ಸ್ಟಾಟಿನ್ ಬಗ್ಗೆ ದಿನಾ ಕೇಳೋ ಪ್ರಶ್ನೆ ಇದು ರೀ. ಮೈಕೈ ನೋವು ಕೆಲವರಿಗೆ ಖರೇನೇ ಬರ್ತದ. ಆದರೆ 2020ರಲ್ಲಿ ಸ್ಯಾಮ್‌ಸನ್ ಅಂತ ಒಂದು ಅಧ್ಯಯನ ಮಾಡಿದರು. ಸ್ಟಾಟಿನ್ ನೋವು ಅಂತ ಬಿಟ್ಟವರಿಗೇ ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಸುಳ್ಳು ಮಾತ್ರೆ, ಒಂದು ತಿಂಗಳು ಏನೂ ಇಲ್ಲ, ಹೀಗೆ ತಿರುಗಿಸಿ ತಿರುಗಿಸಿ ಕೊಟ್ಟರು. ಸುಳ್ಳು ಮಾತ್ರೆ ತಿಂಗಳಲ್ಲೂ ಸುಮಾರು 90% ನೋವು ಹಾಗೇ ಇತ್ತು. ಆದ್ದರಿಂದ ನೋವು ಬಂದರೆ ತಾವೇ ಬಿಡಬೇಡಿ, ಡಾಕ್ಟರಿಗೆ ಹೇಳಿ, ಡೋಸ್ ಇಳಿಸ್ತಾರೆ, ಬೇರೆ ಸ್ಟಾಟಿನ್ ಕೊಡ್ತಾರೆ, ಎಜೆಟಿಮೈಬ್ ಅನ್ನೋ ಇನ್ನೊಂದು ಕೊಲೆಸ್ಟರಾಲ್ ಮಾತ್ರೆ ಸೇರಿಸ್ತಾರೆ. ಶುಗರ್ ಸ್ವಲ್ಪ ಏರೋದು ನಿಜ, ಬಾರ್ಡರ್ ಇದ್ದವರು ನೋಡಿಕೊಳ್ಳಬೇಕು. ಅದರಿಂದ ಆಗೋ ಲಾಭ ಅದಕ್ಕಿಂತ ದೊಡ್ಡದು.

ಈ ಔಷಧಿ ಮೊದಲು ಸಿಕ್ಕಿದ್ದು ಬೂಷ್ಟಿನಾಗ ಅಂತ ಎಷ್ಟು ಜನರಿಗೆ ಗೊತ್ತು? ಜಪಾನಿನ ಅಕಿರಾ ಎಂಡೋ ಸಾವಿರಾರು ಶಿಲೀಂಧ್ರ ಪರೀಕ್ಷೆ ಮಾಡಿ 1973ರಲ್ಲಿ ಹುಡುಕಿದರು. "ನ್ಯಾಚುರಲ್ ಏನಾದರೂ ಕೊಡ್ರಿ" ಅನ್ನೋ ಗಿರಾಕಿಗೆ ಇದನ್ನೇ ಹೇಳ್ತೀನಿ.

ಇನ್ನೊಂದು. ಪಕ್ಕದ ಮನೆಯವರು ತಗೋತಾರೆ ಅಂತ ತಾವೂ ದಿನಾ ಆಸ್ಪಿರಿನ್ ನುಂಗೋರು ಬಹಳ. ನಾಳದ ಕಾಯಿಲೆ ಇದ್ದವರಿಗೆ ಡಾಕ್ಟರು ಬರೆದುಕೊಟ್ಟಿದ್ದರೆ ಸರಿ. ಏನೂ ಇಲ್ಲದವರು ಮುಂಜಾಗ್ರತೆಗೆ ಅಂತ ತಗೊಂಡರೆ ಹೊಟ್ಟೆಯೊಳಗೆ ರಕ್ತ ಸೋರೋ ಅಪಾಯ. 2018ರಲ್ಲಿ ಮೂರು ದೊಡ್ಡ ಟ್ರಯಲ್ ಬಂದ ಮೇಲೆ ಡಾಕ್ಟರುಗಳು ಅದನ್ನು ಎಲ್ಲರಿಗೂ ಬರೆಯೋದು ಬಿಟ್ಟಿದ್ದಾರೆ.

ಹೊಳೆದಂಡೆ:
ಸರಿ, ಸ್ಟೆಂಟ್ ಪ್ರಶ್ನೆ ಮುಗೀತು. ಹೆಂಡತಿಗೆ ಇದನ್ನೆಲ್ಲ ಓದಿ ಹೇಳಿದೆ, ಅರ್ಧ ಒಪ್ಪಿದ್ದಾಳೆ. ಈಗ ಭಾವನ ಕಷಾಯ. ಯಾರದೋ ಬ್ಲಾಕ್ 80ರಿಂದ 20ಕ್ಕೆ ಬಂತಂತೆ.

ಸ್ಲೈಡ್_ಮೇಷ್ಟ್ರು:
ಕರಗಿಸೋದು ಅನ್ನೋದು ಎಷ್ಟು ಕಷ್ಟ ಅಂತ ಒಂದು ಅಂಕಿ ಹೇಳ್ತೀನಿ. 2016ರಲ್ಲಿ ಅದೇ ಗ್ಲ್ಯಾಗೊವ್ ಹೆಸರಿನ ಟ್ರಯಲ್ ಪ್ರಕಟವಾಯಿತು. ಸ್ಟಾಟಿನ್ ಮೇಲೆ ಇವೊಲೊಕ್ಯುಮ್ಯಾಬ್ ಅನ್ನೋ ದುಬಾರಿ ಇಂಜೆಕ್ಷನ್ ಕೊಟ್ಟು ಎಲ್‌ಡಿಎಲ್ ಅನ್ನು 37ರ ಆಸುಪಾಸಿಗೆ ಇಳಿಸಿ ಒಂದೂವರೆ ವರ್ಷ ಹಾಗೇ ಇಟ್ಟರು. ನಾಳದ ಒಳಗೇ ಅಲ್ಟ್ರಾಸೌಂಡ್ ಹಾಕಿ ಅಳೆದರೆ ಗೋಡೆಯ ಕೊಬ್ಬು ಇಳಿದದ್ದು ಸರಾಸರಿ ಸುಮಾರು 1%. ಒಂದು. ಅಷ್ಟು ಬಲವಾದ ಔಷಧಿಗೇ ಹೀಗಿದ್ದರೆ ಬೆಳ್ಳುಳ್ಳಿ ರಸಕ್ಕೆ 60% ಕರಗುತ್ತಾ? ಬೆಳ್ಳುಳ್ಳಿ ಸಾರಿಗೆ ಹಾಕಿ, ಚೆನ್ನಾಗಿರುತ್ತೆ. ಹೊಟ್ಟೆ ಉರಿ ಇಲ್ಲದಿದ್ದರೆ ಕಷಾಯನೂ ಕುಡೀರಿ, ಭಾವನ ಮನಸ್ಸೂ ನೋಯಲ್ಲ. ಮಾತ್ರೆ ಬಿಟ್ಟು ಕುಡಿಯಬೇಡಿ.

ಬರೀ 1% ಕರಗಿದರೆ ಮಾತ್ರೆ ಯಾಕೆ ಅಂತ ಕೇಳಬಹುದು. ಇಲ್ಲೇ ಇರೋದು ಇಡೀ ವಿಷಯ. 1994ರಲ್ಲಿ ಬಂದ ಸ್ಕ್ಯಾಂಡಿನೇವಿಯಾದ ಟ್ರಯಲ್‌ನಲ್ಲಿ 4,444 ಹೃದ್ರೋಗಿಗಳು. ಸಿಮ್ವಾಸ್ಟಾಟಿನ್ ತಗೊಂಡವರಲ್ಲಿ ಸಾವು 30% ಕಡಿಮೆ ಆಯಿತು. ಬ್ಲಾಕ್ ಕರಗಿ ದಾರಿ ಅಗಲ ಆಗಿದ್ದರಿಂದ ಅಲ್ಲ. ಒಳಗಿನ ಕೊಬ್ಬಿನ ಮುದ್ದೆ ಒಣಗಿ ಸಣ್ಣದಾಗುತ್ತೆ, ಉರಿಯೂತ ತಣಿಯುತ್ತೆ, ಮುಚ್ಚಳ ದಪ್ಪ ಆಗುತ್ತೆ, ಒಡೆಯೋ ಸಾಧ್ಯತೆ ಕಡಿಮೆ ಆಗುತ್ತೆ. ಅದಕ್ಕೇ ಎರಡು ವರ್ಷ ಬಿಟ್ಟು ಮತ್ತೆ ಆಂಜಿಯೋ ಮಾಡಿಸಿದರೆ ಅದೇ 40% ಕಾಣಬಹುದು, "ಮಾತ್ರೆ ಕೆಲಸ ಮಾಡಿಲ್ಲ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಸಿಟಿ ಕ್ಯಾಲ್ಸಿಯಂ ಸ್ಕೋರ್ (ನಾಳದಲ್ಲಿ ಕೂತ ಸುಣ್ಣ ಅಳೆಯೋ ಸ್ಕ್ಯಾನ್) ಅಂತೂ ಸ್ಟಾಟಿನ್ ತಗೊಂಡ ಮೇಲೆ ಏರಲೂಬಹುದು, ಯಾಕೆಂದರೆ ಮೆತ್ತಗಿದ್ದದ್ದು ಸುಣ್ಣಗಟ್ಟಿ ಗಟ್ಟಿಯಾಗುತ್ತೆ. ಇಲ್ಲಿ ಗಟ್ಟಿಯಾಗೋದೇ ಒಳ್ಳೆಯದು. ಆ ಸ್ಕೋರ್ ಉಪಯೋಗಕ್ಕೆ ಬರೋದು ಮಾತ್ರೆ ಶುರು ಮಾಡಬೇಕಾ ಬೇಡವಾ ಅಂತ ಗೊಂದಲ ಇರುವವರಿಗೆ. ನಿಮಗೆ ಅದರ ಅಗತ್ಯ ದಾಟಿ ಹೋಗಿದೆ.

ಬೆಣ್ಣೆದೋಸೆ_ಭಕ್ತ:
ದಾವಣಗೆರೆಯಿಂದ ನೊಂದ ಹೃದಯದ ಪ್ರಶ್ನೆ. ಪೂರ್ತಿ ಬಿಡಬೇಕಾ?

ಮಾತ್ರೆ_ಅಂಗಡಿ:
ತಿಂಗಳಿಗೊಮ್ಮೆ ತಿನ್ರಿ, ನನ್ನನ್ನೂ ಕರೀರಿ. ತಮಾಷೆ ಬಿಟ್ಟು ಹೇಳಬೇಕಂದರ, ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ ಎಲ್‌ಡಿಎಲ್ ಏರಿಸ್ತಾವ. ಡಾಲ್ಡಾದಾಗ ಇರೋ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು, 2022ರ ಜನವರಿಯಿಂದ ಅದಕ್ಕೆ 2% ಮಿತಿ ಹಾಕ್ಯಾರ. ಆದರ ಬಜ್ಜಿ ಅಂಗಡಿ ಬಾಣಲೆಯಾಗ ಮೂರು ದಿನದ ಎಣ್ಣೆ ಕುದೀತಿರ್ತದಲ್ಲ, ಅದಕ್ಕ ಮಿತಿ ಹಾಕೋರು ಯಾರು?

ನೈಟ್‌ಶಿಫ್ಟ್_ಸಿಸ್ಟರ್:
ನಮ್ಮ ಕರಾವಳಿಯಲ್ಲಿ ಕೊಬ್ಬರಿ ಎಣ್ಣೆ ಬಗ್ಗೆ ಏನಾದರೂ ಅಂದರೆ ಊರಿಂದ ಓಡಿಸ್ತಾರೆ. ಆದರೂ ಹೇಳ್ತೇನೆ, ಸುಮಾರು 90% ಸ್ಯಾಚುರೇಟೆಡ್ ಕೊಬ್ಬು ಅದು. ಒಗ್ಗರಣೆಗೆ ಒಂದು ಚಮಚ ಇರಲಿ, ಕರಿಯೋದಕ್ಕೆ ಬೇಡ. ಬಂಗುಡೆ ಬೂತಾಯಿ ಗಸಿ ಮಾಡಿ ತಿನ್ನಿ, ಫ್ರೈ ಕಮ್ಮಿ ಮಾಡಿ. ಮತ್ತೆ ಎಲ್ಲರೂ ಎಣ್ಣೆ ಎಣ್ಣೆ ಅಂತಾರೆ, ತಟ್ಟೆ ತುಂಬಾ ಬಿಳಿ ಅನ್ನದ ಬಗ್ಗೆ ಯಾರೂ ಮಾತಾಡಲ್ಲ. ನಮ್ಮವರ ರಿಪೋರ್ಟ್ ನೋಡಿದರೆ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟರಾಲ್) ಕಮ್ಮಿ, ಹೊಟ್ಟೆ ಮುಂದೆ. ಅದು ಎಣ್ಣೆಯದ್ದಕ್ಕಿಂತ ಅನ್ನ, ಸಕ್ಕರೆ, ಕೂತಲ್ಲೇ ಕೂರೋದರ ಕೆಲಸ. ಉಪ್ಪಿನಕಾಯಿ ಹಪ್ಪಳದ ಉಪ್ಪು ಬೇರೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಇರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಬೇ_ಏರಿಯಾ_ಕನ್ನಡಿಗ:
ನಮ್ಮವರಿಗೆ ಬೇಗ ಬರುತ್ತೆ ಅನ್ನೋದಕ್ಕೂ ಅಂಕಿ ಇದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ, 2004ರಲ್ಲಿ ಬಂದದ್ದು. ಮುಖ್ಯಸ್ಥರು ಸಲೀಂ ಯೂಸುಫ್, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದವರು. ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಆಗೋ ನಡು ವಯಸ್ಸು 53, ಉಳಿದ ಕಡೆ 59. ಕಾರಣಗಳು ಮಾತ್ರ ಬೇರೆ ಏನೂ ಅಲ್ಲ. ಸಿಗರೇಟ್, ಕೊಲೆಸ್ಟರಾಲ್, ಬಿಪಿ, ಶುಗರ್, ಹೊಟ್ಟೆ, ಅದೇ ಹಳೇ ಪಟ್ಟಿ. ನಮಗೆ ಅವು ಚಿಕ್ಕ ವಯಸ್ಸಿಗೇ ಹತ್ತಿಕೊಳ್ಳುತ್ತವೆ ಅಷ್ಟೇ. ಜಗಿಯೋ ತಂಬಾಕಿಗೂ ಅಪಾಯ ಎರಡು ಪಟ್ಟು ಬಂದಿತ್ತು ಅದರಲ್ಲಿ, ಎಲೆಅಡಿಕೆಗೆ ಹೊಗೆಸೊಪ್ಪು ಹಾಕೋರು ಗಮನಿಸಿ.

ಹೊಳೆದಂಡೆ ಅವರೇ, ಅಪ್ಪನಿಗೆ 52ಕ್ಕೆ ಆಗಿದ್ದರಿಂದ ಎಲ್‌ಪಿ ಲಿಟಲ್ ಎ (ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣ) ಅಂತ ಒಂದು ರಕ್ತ ಪರೀಕ್ಷೆ ಇದೆ, ಡಾಕ್ಟರ ಹತ್ತಿರ ಕೇಳಿ. ಜೀವನದಲ್ಲಿ ಒಂದು ಸಲ ಸಾಕು, ಹೆಚ್ಚೂಕಡಿಮೆ ಪೂರ್ತಿ ವಂಶದಿಂದಲೇ ಬರೋದು. 50 ಮಿಲಿಗ್ರಾಂ ಮೇಲಿದ್ದರೆ ಎಲ್‌ಡಿಎಲ್ ಅನ್ನು ಇನ್ನೂ ಬಿಗಿಯಾಗಿ ಹಿಡೀಬೇಕು. ಮಾಮೂಲಿ ಪ್ಯಾಕೇಜ್‌ನಲ್ಲಿ ಇದು ಇರಲ್ಲ.

ಅಜ್ಜಿಮನೆ:
ನನ್ನದೂ ಒಂದು ಪ್ರಶ್ನೆ, ಇದೇ ವಿಷಯ ಅಂತ ಇಲ್ಲೇ ಕೇಳ್ತೀನಿ. ಅಮ್ಮನಿಗೆ 74. ಶುಗರ್ ಇಪ್ಪತ್ತು ವರ್ಷದಿಂದ. ಬಿಪಿ ಮೇಲಿನದು 168, ಕೆಳಗಿನದು 70. ಕೆಳಗಿನದು ಚೆನ್ನಾಗಿದೆಯಲ್ಲ, ವಯಸ್ಸಿಗೆ ಮೇಲಿನದು ಅಷ್ಟಿರುತ್ತೆ ಅಂತ ಊರಲ್ಲಿ ಹೇಳಿದರು. ದೇವಸ್ಥಾನಕ್ಕೆ ನಡೆಯುವಾಗ ಮೀನಖಂಡ ಹಿಡಿಯುತ್ತೆ ಅಂತಾರೆ, ಕಟ್ಟೆ ಮೇಲೆ ಎರಡು ನಿಮಿಷ ಕೂತರೆ ಸರಿಹೋಗುತ್ತೆ. ಮಂಡಿ ಸವೆದಿದೆ ಅಂತ ಎಣ್ಣೆ ಹಚ್ತಿದ್ದೀವಿ.

ಸ್ಲೈಡ್_ಮೇಷ್ಟ್ರು:
ತಾಯೀ, ಇವೆರಡನ್ನೂ ಬಿಡಬೇಡಿ.

ಮೊದಲು ಬಿಪಿ. ಹೃದಯದಿಂದ ಹೊರಡೋ ಮಹಾಧಮನಿ ಚಿಕ್ಕವಯಸ್ಸಿನಲ್ಲಿ ಹಿಗ್ಗುತ್ತೆ. ಹೃದಯ ಒತ್ತಿದಾಗ ಸ್ವಲ್ಪ ರಕ್ತ ತಾನು ಹಿಡಿದಿಟ್ಟುಕೊಂಡು ಹೃದಯ ಬಿಡುವು ತಗೊಳ್ಳುವಾಗ ಮುಂದೆ ತಳ್ಳುತ್ತೆ. ವಯಸ್ಸಾದ ಮೇಲೆ ಅದು ಗಟ್ಟಿಯಾಗಿ, ಹಿಗ್ಗೋದು ಕಡಿಮೆ ಆಗುತ್ತೆ. ಆಗ ಮೇಲಿನ ಅಂಕಿ ಏರುತ್ತೆ, ಕೆಳಗಿನದು ಇಳಿಯುತ್ತೆ. ಅಂದರೆ ನಿಮ್ಮಮ್ಮನ ಆ 70 "ಚೆನ್ನಾಗಿರೋದು" ಅಲ್ಲ, ನಾಳ ಗಟ್ಟಿಯಾಗಿರೋದರ ಗುರುತು. ವಯಸ್ಸಿಗೆ ಸಹಜ ಅಂತ ಹಿಂದೆ ಡಾಕ್ಟರುಗಳೂ ಬಿಡುತ್ತಿದ್ದರು. 1991ರಲ್ಲಿ 60 ದಾಟಿದ 4,736 ಜನರ ಟ್ರಯಲ್ ಬಂತು. ಮೇಲಿನದನ್ನು ಔಷಧಿಯಿಂದ ಇಳಿಸಿದ್ದಕ್ಕೆ ಸ್ಟ್ರೋಕ್ 36% ಕಡಿಮೆ ಆಯಿತು. ಆಮೇಲೆ ಯಾರೂ ಬಿಡಲ್ಲ.

ಎರಡನೇದು ಕಾಲು. ನಡೆದರೆ ಹಿಡಿದು, ನಿಂತರೆ ಎರಡು ನಿಮಿಷದಲ್ಲಿ ಬಿಡೋ ಮೀನಖಂಡದ ನೋವು ಮಂಡಿಯದ್ದು ಆಗಿರೋ ಸಾಧ್ಯತೆ ಕಡಿಮೆ. ಕಾಲಿನ ನಾಳಕ್ಕೆ ಇದೇ ರೋಗ ಬಂದಿರಬಹುದು. ಪಾದದ ಹತ್ತಿರ ಮತ್ತು ತೋಳಿನಲ್ಲಿ ಬಿಪಿ ನೋಡಿ ಭಾಗಿಸೋ ಒಂದು ಸುಲಭ ಪರೀಕ್ಷೆ ಇದೆ, 0.9ಕ್ಕಿಂತ ಕಡಿಮೆ ಬಂದರೆ ಬ್ಲಾಕ್ ಇದೆ ಅಂತ. ಆದರೆ ಬಹಳ ವರ್ಷದ ಶುಗರ್ ಇದ್ದವರಲ್ಲಿ ನಾಳದ ನಡುವಿನ ಪದರಕ್ಕೇ ಸುಣ್ಣ ಕೂತಿರುತ್ತೆ. ಎಕ್ಸ್‌ರೇ ತೆಗೆದರೆ ಎರಡು ಬಿಳಿ ಗೆರೆ ಜೋಡಿಯಾಗಿ ಕಾಣುತ್ತೆ ಕಾಲಿನುದ್ದಕ್ಕೂ. ಅಂಥ ನಾಳವನ್ನು ಬಿಪಿ ಪಟ್ಟಿ ಒತ್ತೋಕೇ ಆಗಲ್ಲ, ಅಂಕಿ ಸುಳ್ಳು ಸುಳ್ಳೇ 1.4 ದಾಟುತ್ತೆ. ಆದ್ದರಿಂದ ಕಾಲಿಗೆ ಡಾಪ್ಲರ್ (ರಕ್ತದ ಹರಿವು ನೋಡೋ ಸ್ಕ್ಯಾನ್) ಮಾಡಿಸಿ. ದಿನಾ ಪಾದ ನೋಡಿ, ಬೆರಳ ಸಂದಿ ನೋಡಿ. ಬರಿಗಾಲಲ್ಲಿ ದೇವಸ್ಥಾನಕ್ಕೆ ನಡೆಸಬೇಡಿ, ಶುಗರ್ ಇದ್ದವರಿಗೆ ಚುಚ್ಚಿದ್ದು ಗೊತ್ತಾಗಲ್ಲ, ರಕ್ತ ಇಲ್ಲದ ಕಾಲಿನಲ್ಲಿ ಗಾಯ ಮಾಯಲ್ಲ.

ಕಾಲಿನಲ್ಲಿ ಇದ್ದರೆ ಹೃದಯದಲ್ಲೂ ಕತ್ತಿನ ನಾಳದಲ್ಲೂ ಇರೋ ಸಾಧ್ಯತೆ ಜಾಸ್ತಿ, ಒಮ್ಮೆ ಎಲ್ಲ ತೋರಿಸಿ. ಗಂಡಸರಿಗೆ ಒಂದು ಮಾತು, ಯಾರೂ ಬಾಯಿಬಿಡಲ್ಲ ಅಂತ ಹೇಳ್ತಿದ್ದೀನಿ. ನಿಮಿರುವಿಕೆ ತೊಂದರೆ ಎಷ್ಟೋ ಜನರಲ್ಲಿ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆ ಬರುತ್ತೆ. ಅಲ್ಲಿನ ನಾಳ ಹೃದಯದ ನಾಳಕ್ಕಿಂತ ಸಣ್ಣದು, ಮೊದಲು ಅಲ್ಲಿ ಗೊತ್ತಾಗುತ್ತೆ. ಲಾಡ್ಜ್‌ನಲ್ಲಿ ಕೂತ ಗುಪ್ತರೋಗ ತಜ್ಞರ ಹತ್ತಿರ ಹೋಗೋ ಬದಲು ಬಿಪಿ, ಶುಗರ್, ಎಲ್‌ಡಿಎಲ್ ನೋಡಿಸಿ.

ಅಜ್ಜಿಮನೆ:
ನೋಡ್ತೀನಿ ಸಾರ್, ಸೋಮವಾರವೇ ಕರ್ಕೊಂಡು ಹೋಗ್ತೀನಿ. ಥ್ಯಾಂಕ್ಸ್.

ನೈಟ್‌ಶಿಫ್ಟ್_ಸಿಸ್ಟರ್:
ಒಂದು ಸೇರಿಸ್ತೇನೆ. ರಾತ್ರಿ ಡ್ಯೂಟಿಯಲ್ಲಿ ಲೇಟಾಗಿ ಬಂದವರ ಬಾಯಲ್ಲಿ ಕೇಳೋ ಮಾತು ಒಂದೇ, "ಗ್ಯಾಸ್ಟ್ರಿಕ್ ಅಂದ್ಕೊಂಡ್ವಿ". ಸೋಡಾ ಕುಡಿದು, ಜೀರಿಗೆ ನೀರು ಕುಡಿದು, ಈನೋ ಹಾಕಿ, ಬೆಳಗಾಗಲಿ ಅಂತ ಕಾದು ಬರ್ತಾರೆ. ಭಾರತದ ಆಸ್ಪತ್ರೆಗಳಲ್ಲಿ 20,468 ಜನರನ್ನು ನೋಡಿದ ಅಧ್ಯಯನ 2008ರಲ್ಲಿ ಬಂದಿತ್ತು. ನಾಳ ಪೂರ್ತಿ ಮುಚ್ಚಿದಂಥ ದೊಡ್ಡ ಅಟ್ಯಾಕ್ ಆದವರು ಆಸ್ಪತ್ರೆ ಮುಟ್ಟೋಕೆ ತಗೊಂಡ ಸಮಯ ನಡು ಲೆಕ್ಕದಲ್ಲಿ 300 ನಿಮಿಷ. ಐದು ಗಂಟೆ! ಹೃದಯದ ಮಾಂಸ ಅರ್ಧ ಗಂಟೆಯಿಂದಲೇ ಸಾಯೋಕೆ ಶುರುವಾಗುತ್ತೆ.

ಎದೆ ನಡುವೆ ಒತ್ತಿದಂತೆ ಆಗಿ ಹತ್ತು ಹದಿನೈದು ನಿಮಿಷ ಬಿಡದಿದ್ದರೆ, ಬೆವರು, ಎಡಗೈ ಅಥವಾ ದವಡೆ ನೋವು ಇದ್ದರೆ 108ಕ್ಕೆ ಫೋನ್ ಮಾಡಿ. ಬೈಕ್ ಹಿಂದೆ ಕೂರಿಸಿಕೊಂಡು ಹೋಗಬೇಡಿ. ಹೆಂಗಸರಿಗೆ, ಶುಗರ್ ಇದ್ದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟೋದು, ವಾಂತಿ ಇರಬಹುದು. ತಾಲ್ಲೂಕು ಆಸ್ಪತ್ರೆ ಅಂತ ಅಸಡ್ಡೆ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದಲ್ಲಿ ಕೂತವರು ನೋಡಿ ಹೇಳ್ತಾರೆ, ಹೆಪ್ಪು ಕರಗಿಸೋ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಎರಡು ಗಂಟೆ ದೂರದ ಊರಿಗೆ ಓಡೋ ಮುಂಚೆ ಅಲ್ಲಿ ತೋರಿಸಿ.

ಗಟ್ಟಿ_ಮೈಕಟ್ಟು:
ಮೇಷ್ಟ್ರೇ ಆ ಜೀನ್ ವಿಷಯ ಓದಿ ನೋಡಿದೆ. ಇನ್ನೂ ಪೂರ್ತಿ ಒಪ್ಪಲ್ಲ ನಾನು, ಆದರೆ ಪ್ರೋಟೀನ್ ಪೌಡರ್ ಜೊತೆ ದಿನಾ ತುಪ್ಪ ಕುಡೀತಿದ್ದೆ, ಒಂದ್ಸಲ ಲಿಪಿಡ್ ಮಾಡಿಸಿ ಬಂದು ಇಲ್ಲೇ ಹಾಕ್ತೀನಿ.

ಸ್ಲೈಡ್_ಮೇಷ್ಟ್ರು:
ಹಾಕಿ. ಎಲ್‌ಡಿಎಲ್ 190 ದಾಟಿದ್ದರೆ ಇಲ್ಲಿ ಹಾಕೋ ಮುಂಚೆ ಡಾಕ್ಟರಿಗೆ ತೋರಿಸಿ.

ಹೊಳೆದಂಡೆ:
ಕೊನೆಯದಾಗಿ ಎರಡು. ನನ್ನ ಎಲ್‌ಡಿಎಲ್ ಎಷ್ಟಕ್ಕೆ ಬರಬೇಕು? ತಮ್ಮನಿಗೆ 39, ಏನೂ ತೊಂದರೆ ಇಲ್ಲ ಅಂತ ಓಡಾಡ್ತಿದ್ದಾನೆ, ಅವನಿಗೂ ಆಂಜಿಯೋ ಮಾಡಿಸಬೇಕಾ?

ಸ್ಲೈಡ್_ಮೇಷ್ಟ್ರು:
ನಾಳದಲ್ಲಿ ರೋಗ ಇದೆ ಅಂತ ಖಚಿತವಾದವರಿಗೆ 70ರ ಕೆಳಗೆ, ಈಗ ಬಹಳ ಕಾರ್ಡಿಯಾಲಜಿಸ್ಟ್‌ಗಳು 55 ಕೇಳ್ತಾರೆ. ಲ್ಯಾಬ್ ಹಾಳೆಯಲ್ಲಿ ಪಕ್ಕಕ್ಕೆ ಅಚ್ಚಾಗಿರೋ "ನಾರ್ಮಲ್ 100" ನಿಮಗಲ್ಲ. ಬಿಪಿ 130/80 ಒಳಗೆ ತರೋ ಗುರಿ ಇಟ್ಟುಕೊಳ್ಳಿ, ನಿಮ್ಮ ಡಾಕ್ಟರ ಜೊತೆ ಮಾತಾಡಿ. ಸಿಗರೇಟ್ ಬಿಟ್ಟಿದ್ದೀರಲ್ಲ, ನೀವು ಮಾಡಿದ್ದರಲ್ಲಿ ದೊಡ್ಡದು ಅದೇ. ಮತ್ತೆ ಶುರು ಮಾಡಬೇಡಿ.

ತಮ್ಮನಿಗೆ ಆಂಜಿಯೋ ಬೇಡ. ಲಿಪಿಡ್, ಶುಗರ್, ಬಿಪಿ ಈಗಲೇ ನೋಡಿಸಿ, ನಿಮ್ಮ ಎಲ್‌ಪಿ ಲಿಟಲ್ ಎ ಜಾಸ್ತಿ ಬಂದರೆ ಅವನಿಗೂ ಅದನ್ನು ಮಾಡಿಸಿ. ಅಣ್ಣನಿಗೆ 44ಕ್ಕೆ, ಅಪ್ಪನಿಗೆ 52ಕ್ಕೆ ಅನ್ನೋದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು.

ಹೊಳೆದಂಡೆ:
ಭಾನುವಾರ ಊರಿಗೆ ಬರ್ತಾನೆ, ಎಳ್ಕೊಂಡು ಹೋಗ್ತೀನಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕಾ? ಹಸಿದರೆ ಕೂಗಾಡೋ ಜಾತಿ ಅವನು.

ಮಾತ್ರೆ_ಅಂಗಡಿ:
ಕೊಲೆಸ್ಟರಾಲಿಗೆ ತಿಂಡಿ ತಿಂದೇ ಹೋದರೂ ನಡೀತದ ರೀ. ಟ್ರೈಗ್ಲಿಸರೈಡ್ ತೀರಾ ಜಾಸ್ತಿ ಬಂದರೆ ಮಾತ್ರ ಮತ್ತೊಮ್ಮೆ ಖಾಲಿ ಹೊಟ್ಟೆಯಲ್ಲಿ ಕೇಳ್ತಾರೆ. ಶುಗರ್‌ಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಪರೀಕ್ಷೆ) ಬರೆಸಿಕೊಳ್ಳಿ, ಅದಕ್ಕೂ ಉಪವಾಸ ಬೇಕಿಲ್ಲ.